ಗಾಜಿನೊಳಗಿನ ಎತ್ತು

ನಮ್ಮ ಮನೆಯಲ್ಲಿ ಹೆಪ್ಪು ಹಾಕಿದ ಪಾತ್ರೆಯ ಮೇಲೆ ಮುಚ್ಚಿರುವುದು ತಟ್ಟೆಯಲ್ಲ, ಒಂದು ಟ್ಯಾಬ್. ಅದು ಜೀವ ಬಿಟ್ಟು ವರ್ಷಗಳಾದವು. ಹಳೇ ಪೇಪರಿನವನಿಗೆ ಹಾಕೋಣವೆಂದು ಬಾಗಿಲ ಬಳಿ ಇಟ್ಟಿದ್ದೆ. ಅವ್ವ ಎತ್ತಿಕೊಂಡು ಹೋಗಿ ಸೆರಗಿನಲ್ಲಿ ಒರೆಸಿ ಪಾತ್ರೆಯ ಮೇಲೆ ಮುಚ್ಚಿಬಿಟ್ಟಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ, ಬೆಕ್ಕಿನ ಮೂತಿಗೆ ಜಗ್ಗುವುದಿಲ್ಲ, ಇನ್ನೇನು ಬೇಕು ಎನ್ನುವುದು ಅವಳ ವಾದ. ನೆಂಟರು ಬಂದಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ, ಅವಳಿಗೆ ಆಗುವುದಿಲ್ಲ. ನಿನ್ನೆ ಮಧ್ಯಾಹ್ನ ಮೊಸರು ಬಡಿಸಿಕೊಳ್ಳಲು ಅದನ್ನು ಎತ್ತಿದಾಗ, ಆ ಗಾಜಿನ ಕೆಳಗೆ ಒಂದು ಬೇಸಿಗೆಯಿಡೀ ಎರಡು ಎತ್ತುಗಳು ನಿಂತಿದ್ದವಲ್ಲ ಎಂದು ನೆನಪಾಯಿತು. ಊಟ ಮುಗಿದರೂ ಕೈ ತೊಳೆಯದೆ ಕೂತಿದ್ದೆ.

ನಾನು ಯಲಹಂಕದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಆದರೆ ನನ್ನ ಕೀರ್ತಿ ಇರುವುದು ಗಣಿತದಲ್ಲಲ್ಲ, ಟೈಂಟೇಬಲ್‌ನಲ್ಲಿ. ಯಾವ ತರಗತಿಗೆ ಯಾವಾಗ ಯಾರು ಎಂದು ಪ್ರತಿ ವರ್ಷ ಚೌಕಗಳನ್ನು ತುಂಬುವವನು ನಾನೇ. ಖಾಲಿ ಚೌಕ ಕಂಡರೆ ನನಗೆ ಕಣ್ಣಿಗೆ ಕಸ ಬಿದ್ದ ಹಾಗೆ. ಯಾವ ಮೇಷ್ಟ್ರಾದರೂ ಬಿಡುವಿನ ಪೀರಿಯಡ್‌ನಲ್ಲಿ ಕಾಲು ಚಾಚಿ ಕೂತರೆ, ರಜೆ ಹಾಕಿದ ಇನ್ನೊಬ್ಬರ ತರಗತಿಗೆ ಅವರನ್ನು ಅಟ್ಟಿ ಬರುವವರೆಗೆ ನನಗೆ ಸಮಾಧಾನವಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಸ್ಟಾಫ್ ರೂಮಿನಲ್ಲಿ ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಒಳಗೆ ಬರುತ್ತಿದ್ದ ಹಾಗೆ ಪಿ.ಟಿ. ಮೇಷ್ಟ್ರು ಮುನಿರಾಜು ಅದನ್ನು ತಾವೇ ಮೊದಲು ಹೇಳಿಬಿಡುತ್ತಿದ್ದರು.

ಹೆಬ್ಬಾಳದಿಂದ ಏರ್‌ಪೋರ್ಟಿನ ಕಡೆಗೆ ಹೋಗುವ ಮೇಲುರಸ್ತೆ ಆಗತಾನೆ ತೆರೆದಿದ್ದ ವರ್ಷ ಅದು. ಬೇಸಿಗೆ ರಜೆಯ ಮೊದಲ ವಾರ ತಲೆ ಸುತ್ತುತ್ತದೆಂದು ಡಾಕ್ಟರ ಹತ್ತಿರ ಹೋದೆ. ಅವರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಬಿಟ್ಟು, ಮತ್ತೊಮ್ಮೆ ಒತ್ತಿ ನೋಡಿದರು. ಎರಡನೇ ಸಲ ಒತ್ತಿದಾಗಲೇ ನನಗೆ ಗೊತ್ತಾಯಿತು.

“ಮೇಷ್ಟ್ರೇ, ರಜಾ ಅಂದ್ರೆ ರಜಾ ಮಾಡಿ,” ಎಂದರು ಡಾಕ್ಟರು. “ಉಪ್ಪು ಕಮ್ಮಿ ಮಾಡಿ, ತಲೆ ಆರಾಮಾಗಿ ಇಟ್ಕೊಳಿ. ಸ್ಕೂಲ್ ಶುರುವಾಗೋ ಹೊತ್ಗೆ ಇದು ಇಳೀಲಿಲ್ಲ ಅಂದ್ರೆ ಮಾತ್ರೆ ಕೊಡ್ಲೇಬೇಕು. ಆಮೇಲೆ ಜೀವನಪೂರ್ತಿ ತಗೋತಾನೇ ಇರ್ಬೇಕು.”

ನಮ್ಮ ಮನೆಯಲ್ಲಿ ಬಿ.ಪಿ. ಎಂಬುದು ಬರೀ ಎರಡಕ್ಷರವಲ್ಲ. ಅಪ್ಪನನ್ನು ಕರೆದುಕೊಂಡು ಹೋದದ್ದು ಅದೇ. ಮನೆಗೆ ಬಂದು ವಿಷಯವನ್ನು ತಮಾಷೆಯ ಹಾಗೆ ಹೇಳಿದೆ. ಹೆಂಡತಿ ಗದರಿದಳು, ಮಗಳು ಸಹನಾ ಮೊಬೈಲಿನಲ್ಲಿ ಏನೋ ಹುಡುಕಲು ಶುರುಮಾಡಿದಳು. ಒಲೆಯ ಮುಂದೆ ನಿಂತಿದ್ದ ಅವ್ವ ತಿರುಗಿ ಕೂಡ ನೋಡಲಿಲ್ಲ. ಆದರೆ ಅವತ್ತಿನ ರಾತ್ರಿಯಿಂದಲೇ ಸಾರಿಗೆ ಉಪ್ಪು ಕಡಿಮೆಯಾಯಿತು.

ಆರಾಮವಾಗಿರುವುದು ಹೇಗೆ ಎಂಬುದೇ ನನಗೆ ಗೊತ್ತಿರಲಿಲ್ಲ. ವಾಕಿಂಗ್ ಹೊರಟರೆ ನಿನ್ನೆಗಿಂತ ಬೇಗ ಬಂದೆನೇ ಎಂದು ಗಡಿಯಾರ ನೋಡುತ್ತಿದ್ದೆ. ಧ್ಯಾನಕ್ಕೆ ಕೂತರೆ ಜೂನ್ ತಿಂಗಳ ಟೈಂಟೇಬಲ್ ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ಸಹನಾಳೇ ಒಂದು ದಾರಿ ಹೇಳಿದಳು. “ಅಪ್ಪಾ, ನೀನೊಂದು ಗೇಮ್ ಆಡು. ಹೊಡಿಯೋದು ಬಡಿಯೋದು ಎಲ್ಲ ಇಲ್ದೇ ಇರೋದು ಎಷ್ಟೊಂದಿವೆ, ಕೂಲಾಗಿ ಟೈಂಪಾಸ್ ಆಗುತ್ತೆ,” ಎಂದು ತನ್ನ ಟ್ಯಾಬನ್ನು ನನ್ನ ಕೈಗಿಟ್ಟಳು. ಪಿ.ಯು.ಸಿ. ಪರೀಕ್ಷೆ ಮುಗಿಸಿ ಕೂತಿದ್ದ ಅವಳಿಗೆ ಅಪ್ಪನೇ ಒಂದು ಪ್ರಾಜೆಕ್ಟ್ ಆದ.

ಆಟವೊಂದನ್ನು ಆರಿಸುವುದು ಗಂಡು ಹುಡುಕಿದಷ್ಟೇ ಕಷ್ಟ ಎಂದು ನನಗೆ ಆಗ ತಿಳಿಯಿತು. ಮೊದಲು ಬಂದದ್ದು ಹೋಟೆಲ್ ನಡೆಸುವ ಆಟ. ಗಿರಾಕಿಗಳು ಬಂದು ಕೂರುತ್ತಾರೆ, ನಾವು ತಿಂಡಿ ಕೊಡಬೇಕು, ತಡವಾದರೆ ಅವರ ಮುಖ ಕೆಂಪಗಾಗುತ್ತದೆ. ಅವರ ಮುಖಕ್ಕಿಂತ ನನ್ನ ಮುಖವೇ ಕೆಂಪಗಾಗಿದೆ ಎಂದು ಹೆಂಡತಿ ಅದನ್ನು ತೆಗೆಸಿದಳು. ಆಮೇಲೆ ಬಣ್ಣದ ಹಣ್ಣುಗಳನ್ನು ಸಾಲಾಗಿ ಜೋಡಿಸುವ ಆಟ. ಅದು ಚೆನ್ನಾಗಿಯೇ ಇತ್ತು, ಆದರೆ ಮಾರುಕಟ್ಟೆಗೆ ಹೋದಾಗ ಗಾಡಿಯ ಮೇಲಿನ ಮೂಸಂಬಿ ಕಿತ್ತಳೆಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಾ ಚಿಲ್ಲರೆ ಮರೆತು ಬಂದೆ. ಬೆಟ್ಟದ ಮೇಲೆ ಸುಮ್ಮನೆ ನಡೆಯುತ್ತಾ ಹೋಗುವ ಆಟವೊಂದಿತ್ತು. ಅದರಲ್ಲಿ ಸೋಲಿಲ್ಲ, ಗೆಲುವಿಲ್ಲ, ಹುಲ್ಲು, ಮೋಡ, ಹಕ್ಕಿಯ ದನಿ, ಅಷ್ಟೆ. ನಾನು ಒಂದೇ ಉಸಿರಿಗೆ ತುದಿ ಹತ್ತಿ, “ಆಯ್ತು, ಮುಂದೇನು?” ಎಂದೆ. ಸಹನಾ ಹಣೆ ಚಚ್ಚಿಕೊಂಡಳು. ಮೀನು ಹಿಡಿಯುವ ಆಟದಲ್ಲಿ ಗಾಳ ಹಾಕಿ ಕಾಯಬೇಕಿತ್ತು. ಕಾಯುವ ಹೊತ್ತು ದಂಡವಾಗಬಾರದೆಂದು ಪಕ್ಕದಲ್ಲಿ ನೆನೆಹಾಕಿದ ಅವರೆಕಾಳು ಹಿದುಕುತ್ತಾ ಕೂತೆ. ಡಾಕ್ಟರು ಏರಿಗೆಳೆದರೆ ನಾನು ನೀರಿಗೆಳೆಯುತ್ತಿದ್ದೆ.

ಈ ಗಡಿಬಿಡಿಯನ್ನೆಲ್ಲ ಅವ್ವ ಗೋಡೆಗೊರಗಿ ನೋಡುತ್ತಿದ್ದಳು. ಆಟದ ವಿಷಯದಲ್ಲಿ ಅವಳದು ಬೇರೆಯೇ ದಾರಿ. ನಾವು ಚಿಕ್ಕವರಾಗಿದ್ದಾಗ ಕೋಗಿಲಿನ ಹಳೇ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಹುಣಸೆ ಬೀಜವನ್ನು ಒರಟು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರೆ ದಾಳ ತಯಾರು. ಉಜ್ಜಿ ಉಜ್ಜಿ ಬೀಜ ಬಿಸಿಯಾದಾಗ ಪಕ್ಕದವರ ಕೈಗೆ ಮುಟ್ಟಿಸಿ ಅಳಿಸುವುದೂ ಆಟದ ಒಂದು ಭಾಗವೇ. ಬಿಸಿಲು ಇಳಿಯುವವರೆಗೆ ಹೊರಗೆ ಬಿಡುತ್ತಿರಲಿಲ್ಲವಾದ್ದರಿಂದ ಜಗಳಕ್ಕೆ ಬೇಕಾದಷ್ಟು ಕಾಲಾವಕಾಶವಿರುತ್ತಿತ್ತು. ಅವ್ವನೂ ಒಂದು ಮೂಲೆಯಲ್ಲಿ ಕೂತು ಆಡುತ್ತಿದ್ದಳು. ಇನ್ನೊಂದೇ ಕಾಯಿ ಹಣ್ಣಾದರೆ ಗೆದ್ದಳು ಎನ್ನುವಾಗ, “ಮುದ್ದೆಗೆ ಎಸರಿಡ್ಬೇಕು,” ಎಂದು ಎದ್ದು ಹೋಗಿಬಿಡುತ್ತಿದ್ದಳು. ಗೆಲ್ಲುವ ಆಟ ಬಿಟ್ಟು ಏಳುವವರನ್ನು ನಾನು ಅವಳೊಬ್ಬಳನ್ನೇ ಕಂಡಿರುವುದು. ನನಗಂತೂ ಇವತ್ತಿಗೂ ಸಾಧ್ಯವಿಲ್ಲ.

ಕೊನೆಗೆ ಗೊತ್ತಾದದ್ದು ಬೇಸಾಯದ ಆಟ. ಒಂದು ತುಂಡು ಹೊಲ, ಪಕ್ಕದಲ್ಲಿ ಹೆಂಚಿನ ಮನೆ, ಒಂದು ಬಾವಿ. ಉತ್ತು ಬಿತ್ತಿ ನೀರು ಬಿಟ್ಟು ಕಾಯಬೇಕು. ಪೈರು ನಿಜವಾದ ಗಡಿಯಾರದ ಲೆಕ್ಕದಲ್ಲೇ ಬೆಳೆಯುತ್ತದೆ. ಕೆಲವಕ್ಕೆ ಒಂದು ಬೆಳಗು ಸಾಕು, ಕೆಲವಕ್ಕೆ ಎರಡು ಮೂರು ದಿನ ಬೇಕು, ಸಮಯಕ್ಕೆ ಕೊಯ್ದು ಗಾಡಿಯಲ್ಲಿ ಸಂತೆಗೆ ಕಳಿಸದಿದ್ದರೆ ಒಣಗುತ್ತದೆ. ಹಿನ್ನೆಲೆಯಲ್ಲಿ ಒಂದು ಕೊಳಲು ಮೆಲ್ಲಗೆ ಕೇಳುತ್ತಿರುತ್ತದೆ. ತೆರೆದ ಕೂಡಲೇ ನನಗೆ ಹಿಡಿಸಿತು. ಉಳುವುದಕ್ಕೆ ಜೋಡೆತ್ತು ಕೊಟ್ಟು, ಅವಕ್ಕೆ ಹೆಸರಿಡಿ ಎಂದು ಆಟ ಕೇಳಿತು. ಏನಿಡಲಿ ಎಂದು ಸಹನಾ ತಲೆ ಎತ್ತಿದಾಗ ಗೋಡೆಯ ಕಡೆಯಿಂದ ಉತ್ತರ ಬಂತು.

“ಕೆಂದ, ಬಿಳಿಯ ಅಂತ ಬರಿ,” ಎಂದಳು ಅವ್ವ.

ಅವು ನಮ್ಮ ಹಳೇ ಎತ್ತುಗಳ ಹೆಸರು. ಮನೆಯಲ್ಲಿ ಆ ಹೆಸರುಗಳನ್ನು ಯಾರೂ ಆಡಿ ಎಷ್ಟೋ ವರ್ಷಗಳಾಗಿದ್ದವು.

ಮೊದಲ ಕೆಲವು ದಿನ ಸ್ವರ್ಗ. ಎದ್ದ ಕೂಡಲೇ ಹೊಲ ನೋಡುವುದು, ನೀರು ಬಿಡುವುದು, ಮೊಳಕೆ ಬಂದರೆ ಎಲ್ಲರನ್ನೂ ಕರೆದು ತೋರಿಸುವುದು. ಆಮೇಲೆ ನನ್ನೊಳಗಿನ ಟೈಂಟೇಬಲ್ ಮೇಷ್ಟ್ರು ಎದ್ದು ಕೂತ. ಯಾವ ಪಾತಿಯಲ್ಲಿ ಯಾವ ಬೆಳೆ ಎಷ್ಟು ಹೊತ್ತಿಗೆ ಎಂದು ಚೌಕ ಹಾಕಿ, ಹೊಲದ ಒಂದಂಗುಲವೂ ಒಂದು ಗಳಿಗೆಯೂ ಖಾಲಿ ಇರದ ಹಾಗೆ ಏರ್ಪಾಡು ಮಾಡಿದೆ. ಅದೇ ಆಟವನ್ನು ಮುನಿರಾಜು ಮೇಷ್ಟ್ರು ನಾಗಸಂದ್ರದ ತಮ್ಮ ಮನೆಯಲ್ಲಿ ಕೂತು ಆಡುತ್ತಿದ್ದಾರೆಂದು ಗೊತ್ತಾದ ಮೇಲಂತೂ ಮುಗಿಯಿತು. ಅವರ ಹೊಲ ನನ್ನ ಹೊಲದ ಪಕ್ಕಕ್ಕೇ ಬಂದು ಕೂತಿತು. ಮಾರ್ಚ್ ಪಾಸ್ಟಿಗೆ ನಿಲ್ಲಿಸಿದ ಹಾಗೆ ಅವರ ಜೋಳ ನಿಂತಿರುತ್ತಿತ್ತು. ಬೇಸಿಗೆಯ ಕೊನೆಗೆ ಒಂದು ಸುಗ್ಗಿ ಸ್ಪರ್ಧೆ ಬೇರೆ. ಅಕ್ಕಪಕ್ಕದವರಲ್ಲಿ ಯಾರ ಗಾಡಿ ಹೆಚ್ಚು ಬೆಳೆ ಹೊರುತ್ತದೋ ಅವರ ಮನೆಯ ಮೇಲೆ ಒಂದು ಚಿನ್ನದ ಕೋಳಿ ಬಂದು ಕೂರುತ್ತದೆ. ನನಗೆ ಆ ಕೋಳಿ ಬೇಕೇ ಬೇಕು ಅನ್ನಿಸಿತು. ಊಟದ ನಡುವೆ ಎದ್ದು ನೀರು ಬಿಟ್ಟು ಬಂದೆ. ನೆಂಟರ ಮದುವೆಯಲ್ಲಿ ಧಾರೆಯ ಹೊತ್ತಿಗೆ ಹುರುಳಿ ಕೊಯ್ದೆ. ಮಧ್ಯದಲ್ಲೊಮ್ಮೆ ಡಾಕ್ಟರು ಪಟ್ಟಿ ಸುತ್ತಿ ನೋಡಿದಾಗ ಬಿ.ಪಿ. ಇದ್ದಲ್ಲಿಂದ ಇಳಿದಿರಲಿಲ್ಲ, ಕೊಂಚ ಏರಿತ್ತು.

ಆ ಸುದ್ದಿ ಹೇಳಿದ ಮರುದಿನ ಬೆಳಿಗ್ಗೆ ನಾನು ಉಳಲು ಕೂತಾಗ ಅವ್ವ ಹತ್ತಿರ ಬಂದು ಕೂತಳು. ಸ್ವಲ್ಪ ಹೊತ್ತು ನೋಡಿ, ಇವತ್ತು ಯಾವ ವಾರ ಎಂದು ಕೇಳಿದಳು. ಸೋಮವಾರ ಎಂದೆ.

“ಸ್ವಾಮಾರ ಎತ್ತಿನ ಎಗಲ ಮ್ಯಾಲೆ ನೊಗ ಇಡ್ತೀಯಾ? ಬಸವಣ್ಣನ ವಾರ ಕಣಪ್ಪ. ಬಿಚ್ಚು.”

ಬಯಲುಸೀಮೆಯಲ್ಲಿ ಆರಂಬ ಮಾಡಿದ ಮನೆಗಳಿಗೆಲ್ಲ ಇದು ಗೊತ್ತು. ಸೋಮವಾರ ಎತ್ತು ಹೂಡುವುದಿಲ್ಲ. ಮಳೆ ಬಂದು ಹದ ತಪ್ಪಿಹೋಗುತ್ತಿದ್ದರೂ ಸರಿ, ಅವತ್ತು ನೊಗ ಗೋಡೆಗೆ ಒರಗಿಯೇ ಇರುತ್ತದೆ. ಆದರೆ ಇದು ಆಟ ಎಂದು ನಾನು ನಕ್ಕೆ.

“ಆಟ ಆದ್ರೆ ಎತ್ತಲ್ವಾ?” ಎಂದಳು.

ಅವು ಬರೀ ಎತ್ತುಗಳಾಗಿದ್ದರೆ ವಾದ ಮಾಡುತ್ತಿದ್ದೆನೋ ಏನೋ, ಹೆಸರಿಟ್ಟು ಕೆಟ್ಟಿದ್ದೆ. ನೊಗ ತೆಗೆಯುವ ಗುಂಡಿ ಒತ್ತಿದೆ. ಎತ್ತುಗಳು ಬಾವಿಯ ಹತ್ತಿರ ಹೋಗಿ ಬಾಲ ಬೀಸುತ್ತಾ ನಿಂತವು. ಎತ್ತಿಲ್ಲದೆ ಆ ಆಟದಲ್ಲಿ ಉಳಲೂ ಆಗದು, ಗಾಡಿ ಕಟ್ಟಲೂ ಆಗದು, ಹಾಗಾಗಿ ಇಡೀ ದಿನ ಮಾಡಲು ಕೆಲಸವೇ ಇಲ್ಲ. ಪಕ್ಕದ ಹೊಲದಲ್ಲಿ ಮುನಿರಾಜು ಮೇಷ್ಟ್ರ ಗಾಡಿ ಹೋಗುವುದು ಬರುವುದು ನಡೆದೇ ಇತ್ತು. ಅದು ಎಷ್ಟು ಸಲ ಹೋಯಿತೆಂದು ನಾನು ಎಣಿಸುತ್ತಾ ಕೂತೆ.

ಸಹನಾಳಿಗೆ ಅಪ್ಪನ ಸಂಕಟ ನೋಡಲಾಗಲಿಲ್ಲ. ಆಟದ ಅಂಗಡಿಯಲ್ಲಿ ಟ್ರ್ಯಾಕ್ಟರೂ ಸಿಗುತ್ತದೆ, ಅದಕ್ಕೆ ಸೋಮವಾರ ಮಂಗಳವಾರ ಎಲ್ಲ ಇಲ್ಲ, ಕೊಂಡುಬಿಡೋಣ ಅಜ್ಜಿ ಎಂದಳು. ಅವ್ವ ಬೇಡ ಎಂದಳು. ಎದ್ದು ಒಳಗೆ ಹೋದಳು, ಅವಳ ಮುಖ ನೋಡಿದ ಮೇಲೆ ಟ್ರ್ಯಾಕ್ಟರಿನ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಅಲ್ಲಿಂದ ಪ್ರತಿ ಸೋಮವಾರ ಹೀಗೇ ಆಯಿತು. ಬೆಳಿಗ್ಗೆ ಟ್ಯಾಬ್ ತೆರೆದು ಎತ್ತು ಬಿಚ್ಚಿರುವುದನ್ನು ಅವ್ವನಿಗೆ ತೋರಿಸಬೇಕು. ನೀರು ತೋರಿಸಿದೆಯಾ, ಹುಲ್ಲು ಹಾಕಿದೆಯಾ ಎಂದು ಕೇಳುತ್ತಿದ್ದಳು. ಹಾಕಿದೆ ಎಂದರೆ, ಹಾಗಾದರೆ ಅದನ್ನು ಕೆಳಗಿಡು ಎನ್ನುತ್ತಿದ್ದಳು. ಕೆಳಗಿಟ್ಟ ಮೇಲೆ ಮಾಡುವುದೇನು? ಮೊದಲ ಸೋಮವಾರ ಚಡಪಡಿಸಿದೆ. ಮುಂದಿನ ವಾರ ಜಗಲಿಯ ಮೇಲೆ ಕೂತೆ, ಎದುರಿಗೆ ಹೊಂಗೆಮರ ಹೂ ಬಿಟ್ಟಿರುವುದು ಕಣ್ಣಿಗೆ ಬಿತ್ತು. ಅದರ ಮುಂದಿನ ವಾರ ಅವ್ವ ಪಕ್ಕದಲ್ಲಿ ಕೂತು ಕೆಂದನ ಕಥೆ ಹೇಳಿದಳು. ಅದು ಯಾರದೋ ಮದುವೆ ಚಪ್ಪರದ ಮಾವಿನ ಸೊಪ್ಪನ್ನು ಬಾಳೆಕಂದಿನ ಸಮೇತ ತಿಂದು, ಬೀಗರ ಮುಂದೆ ಅಪ್ಪ ಕೈ ಮುಗಿದು ನಿಂತ ಕಥೆ. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು. ಅದಾದ ಮೇಲೆ ಒಂದು ಸೋಮವಾರ ಮಧ್ಯಾಹ್ನ ಜಗಲಿಯ ಮೇಲೇ ನಿದ್ದೆ ಹೋಗಿದ್ದೆ. ಹಗಲು ಮಲಗಿದ್ದು ಮದುವೆಯಾದ ಮೇಲೆ ಇದೇ ಮೊದಲು ಎಂದು ಹೆಂಡತಿ ಎಲ್ಲರಿಗೂ ಫೋನ್ ಮಾಡಿ ಹೇಳಿದಳು.

ಸುಗ್ಗಿ ಸ್ಪರ್ಧೆ ಮುಗಿಯುವ ದಿನ, ನನ್ನ ಗ್ರಹಚಾರಕ್ಕೆ, ಸೋಮವಾರವೇ ಬಂತು. ಮರುದಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೊಲ ತುಂಬ ಬೆಳೆ ಬಲಿತು ನಿಂತಿತ್ತು. ಒಂದೇ ಒಂದು ಗಾಡಿ ಹೊಡೆದರೆ ಮುನಿರಾಜು ಮೇಷ್ಟ್ರನ್ನು ಹಿಂದೆ ಹಾಕಬಹುದು. ಸಂಜೆ ದಾಟಿದರೆ ಎಲ್ಲ ಒಣ ಕಡ್ಡಿ. ಅವ್ವನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರಳು. ನಾನು ಒಣಗಿದ ಬಟ್ಟೆ ತರುವ ನೆವ ಹೇಳಿ, ಟ್ಯಾಬನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಾರಸಿಗೆ ಹೋದೆ. ಐವತ್ತರ ಹತ್ತಿರ ಬಂದ ಮೇಷ್ಟ್ರು, ಬೀಡಿ ಕದ್ದ ಹುಡುಗನ ಹಾಗೆ ನೀರಿನ ಟ್ಯಾಂಕಿನ ಹಿಂದೆ ಕೂತಿದ್ದೆ.

ಟ್ಯಾಬ್ ತೆರೆದೆ. ಕೆಂದ, ಬಿಳಿಯ ಬಾವಿಯ ಹತ್ತಿರ ನಿಂತಿದ್ದವು. ನೊಗದ ಗುರುತಿನ ಮೇಲೆ ಬೆರಳಿಟ್ಟರೆ ಸಾಕು. ಆಗ ಯಾಕೋ ನಿಜವಾದ ಸೋಮವಾರಗಳು ನೆನಪಾದವು. ಅಪ್ಪ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗುತ್ತಿದ್ದರು, ಹಿಂದೆ ನಾನು. ಹುಲ್ಲಿನ ಸಿಂಬೆಯಲ್ಲಿ ಅವುಗಳ ಮೈ ಉಜ್ಜುವುದು, ನೀರು ಎರಚುವುದು, ಬಿಳಿಯನ ಕೊಂಬಿನ ಮೇಲೆ ಅಂಗಿ ಒಣಹಾಕುವುದು. ಮನೆಗೆ ಬಂದು ಅವನ್ನು ಹೊಂಗೆಯ ನೆರಳಿಗೆ ಕಟ್ಟಿದ ಮೇಲೆ ಅಪ್ಪ ಜಗಲಿಯ ಮೇಲೆ ಕಾಲು ನೀಡಿ ಕೂರುತ್ತಿದ್ದರು. ವಾರದಲ್ಲಿ ಅದೊಂದೇ ದಿನ ನಾನು ಅವರ ತೊಡೆಯ ಮೇಲೆ ತಲೆ ಇಡಬಹುದಿತ್ತು.

ನಾನು ಬಿ.ಎಡ್. ಓದುತ್ತಿದ್ದಾಗ ಹೊಲ ಬಡಾವಣೆಗೆ ಹೋಯಿತು. ಎತ್ತುಗಳನ್ನು ದೊಡ್ಡಬಳ್ಳಾಪುರದ ಕಡೆಯವರು ಹೊಡೆದುಕೊಂಡು ಹೋದರು. ಅಪ್ಪ ಕೈಕಟ್ಟಿ ಕೂರುವವರಲ್ಲ, ಒಂದು ಟೆಂಪೋ ಕೊಂಡು ಯಶವಂತಪುರದ ಮಂಡಿಗೆ ಈರುಳ್ಳಿ ಹೊಡೆಯಲು ನಿಂತರು. ಟೆಂಪೋಗೆ ಯಾವ ದೇವರ ವಾರವೂ ಇಲ್ಲವಲ್ಲ. ಸೋಮವಾರವೂ ಹೊರಟರು, ಹಬ್ಬದ ದಿನವೂ ಹೊರಟರು. ಬಿ.ಪಿ. ಇದೆ, ಕೂತು ಸುಧಾರಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಮಂಡಿಯಲ್ಲಿ ಮೂಟೆ ಇಳಿಸುತ್ತಿದ್ದವರು ಸುಸ್ತು ಎಂದು ಕೂತರಂತೆ. ಮತ್ತೆ ಏಳಲಿಲ್ಲ.

ಚಾಚಿದ್ದ ಬೆರಳನ್ನು ಹಿಂದೆಳೆದುಕೊಂಡೆ. ಟ್ಯಾಬನ್ನು ಬೋರಲು ಹಾಕಿ, ಟ್ಯಾಂಕಿಗೆ ಒರಗಿ ಕೂತೆ. ಏರ್‌ಪೋರ್ಟಿನ ಕಡೆಗೆ ವಿಮಾನವೊಂದು ಚಕ್ರ ಇಳಿಸಿಕೊಂಡು ಹೋಯಿತು. ಬಿಸಿಲು ಆರಿ ಗಾಳಿ ಬೀಸಲು ಶುರುವಾಯಿತು. ಬೆಳೆ ಒಣಗುತ್ತಿದೆ ಎಂದು ಗೊತ್ತಿತ್ತು. ಒಣಗಲಿ ಅನ್ನಿಸಿತು. ಬಟ್ಟೆ ಮಡಿಸಿಕೊಂಡು ಕೆಳಗಿಳಿದು ಬಂದೆ. ಚಿನ್ನದ ಕೋಳಿ ನಾಗಸಂದ್ರಕ್ಕೆ ಹೋಯಿತು.

ಮರುದಿನ ಡಾಕ್ಟರು ಪಟ್ಟಿ ಸುತ್ತಿದರು, ಒತ್ತಿದರು, ಬಿಟ್ಟರು. ಎರಡನೇ ಸಲ ಒತ್ತಲಿಲ್ಲ. ಸದ್ಯಕ್ಕೆ ಮಾತ್ರೆ ಬೇಡ, ಇದೇ ರೀತಿ ಇರಿ ಎಂದರು. ಏನು ಮಾಡಿದಿರಿ ಎಂದು ಕೇಳಿದಾಗ ಮಗಳು ಕೊಟ್ಟ ಗೇಮ್ ಎಂದೆ. ಅವರು ಅದರ ಹೆಸರು ಬರೆದುಕೊಂಡರು, ಪಾಪ, ಬೇರೆ ಪೇಷೆಂಟುಗಳಿಗೆ ಹೇಳಲು ಇರಬೇಕು.

ಮನೆಗೆ ಬಂದಾಗ ಅವ್ವ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಬಿ.ಪಿ. ಇಳಿದಿದೆ ಎಂದೆ. ಅವಳ ಕೈ ನಿಂತಿತು. ಆಮೇಲೆ ಮೊರ ಮತ್ತೆ ಆಡತೊಡಗಿತು. ನಾನು ಖುಷಿಯಲ್ಲಿ ಅವಳನ್ನು ರೇಗಿಸುತ್ತಾ, ನಿನ್ನ ಬಸವಣ್ಣನಿಂದ ಪಿ.ಟಿ. ಮೇಷ್ಟ್ರ ಮುಂದೆ ಸೋತೆ, ಆದರೆ ನಿನ್ನ ಎತ್ತುಗಳಿಗೆ ಒಂದು ಚೂರೂ ಆಯಾಸ ಮಾಡಲಿಲ್ಲ ನೋಡು ಎಂದೆ.

“ಗಾಜಿನೊಳಗಿನ ಎತ್ತಿಗೆ ಎಂತ ಆಯಾಸ ಮಗ,” ಎಂದಳು. “ಅಷ್ಟೂ ಗೊತ್ತಾಗಲ್ವಾ ನಂಗೆ?”

ಹಾಗಾದರೆ ಇಷ್ಟು ದಿನ ಬಿಚ್ಚಿಸಿದ್ದು ಯಾಕೆ ಎಂದು ಕೇಳಿದೆ. ಅವಳು ರಾಗಿಯಿಂದ ಕಣ್ಣೆತ್ತಲಿಲ್ಲ.

“ನಿಮ್ಮಪ್ಪ ಕುಂತ್ಕಳಿ ಅಂದ್ರೆ ಕುಂತ್ಕಳೋರಾ? ಎತ್ತು ಬಿಚ್ಚಿದ್ರೇನೇ ಅವ್ರು ಕುಂತ್ಕತಿದ್ದಿದ್ದು. ನೀನೂ ಅಂಗೇಯ.” ಮೊರವನ್ನು ಒಮ್ಮೆ ಕೇರಿ ಕಲ್ಲು ಆರಿಸಿ ಎಸೆದಳು. “ಟೆಂಪೋ ಬಿಚ್ಚಿ ಅಂತ ಏಳೋಕೆ ನಂಗೆ ಯಾವ್ ದ್ಯಾವ್ರೂ ಸಿಕ್ಕಲಿಲ್ಲ.”

ನಾನು ಅವಳ ಪಕ್ಕದಲ್ಲಿ ಕೂತೆ. ಅವತ್ತು ಮಂಗಳವಾರ. ಕೆಲಸ ಬೇಕಾದಷ್ಟಿತ್ತು, ಆದರೂ ಕೂತೆ.

ಆ ವರ್ಷದಿಂದ ಶಾಲೆಯ ಟೈಂಟೇಬಲ್‌ನಲ್ಲಿ ಸೋಮವಾರ ಪ್ರತಿಯೊಬ್ಬ ಮೇಷ್ಟ್ರಿಗೂ ಒಂದು ಚೌಕ ಖಾಲಿ ಇರುತ್ತದೆ. ಆ ಪೀರಿಯಡ್‌ನಲ್ಲಿ ಯಾರನ್ನೂ ಯಾವ ತರಗತಿಗೂ ಅಟ್ಟುವುದಿಲ್ಲ. ಇದೇನು ಮೇಷ್ಟ್ರೇ, ಚೌಕ ತುಂಬುವುದು ಮರೆತಿರಾ ಎಂದು ಮುನಿರಾಜು ಮೇಷ್ಟ್ರು ಕೇಳಿದ್ದರು. ಅದು ನಮ್ಮವ್ವ ತುಂಬಿದ್ದು, ಕಾಲು ಚಾಚಿ ಕೂತುಕೊಳ್ಳಿ ಎಂದೆ.